ಕಾರ್ಬ್ ಹೀಟ್ ಎಳೆದು ಕಾದ ಅರ್ಧ ನಿಮಿಷ

ಅಕ್ಟೋಬರ್ ತಿಂಗಳ ಬೆಳಿಗ್ಗೆ. ರಾತ್ರಿಯಿಡೀ ಮಳೆ ಹೊಡೆದು ಆಗಷ್ಟೇ ನಿಂತಿತ್ತು. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಸೆಸ್ನಾ 152 ಅನ್ನುವ ಎರಡು ಸೀಟಿನ ಪುಟ್ಟ ವಿಮಾನದಲ್ಲಿ ಒಬ್ಬನೇ ಪೂರ್ವಕ್ಕೆ ಹೋಗಿದ್ದೆ. ಆಗ ನಾನಿನ್ನೂ ವಿಮಾನ ಹಾರಿಸಲು ಕಲಿಯುವ ಹುಡುಗ.

ಆಲ್ಟಿಮೀಟರ್ 4,500 ಅಡಿ ತೋರಿಸುತ್ತಿತ್ತು. ಆದರೆ ಸಾಂಬ್ರಾ ನೆಲವೇ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಮೇಲಿದೆ. ಅಂದರೆ ನನ್ನ ಕೈಲಿದ್ದದ್ದು ಬರೀ 2,000 ಅಡಿ. ಇಂಜಿನ್ ಪೂರ್ತಿ ನಿಂತರೆ ಮೂರು ನಿಮಿಷ, ಗಾಳಿ ಇಲ್ಲದಿದ್ದರೆ ಐದು ಕಿಲೋಮೀಟರ್ ಚಿಲ್ಲರೆ ದೂರ. ಈ ಲೆಕ್ಕ ಹಾರುವ ಮೊದಲೇ ತಲೆಯಲ್ಲಿರಬೇಕು.

ಆರ್‌ಪಿಎಂ, ಅಂದರೆ ಇಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ, 2,300 ಇದ್ದದ್ದು ಮೆಲ್ಲಗೆ 2,100ಕ್ಕೆ ಬಂತು. ನಾನು ಇಂಜಿನ್ ಶಕ್ತಿ ಹೆಚ್ಚಿಸುವ ಥ್ರಾಟಲ್ ಸ್ವಲ್ಪ ಮುಂದೆ ಒತ್ತಿದೆ, ಅಷ್ಟೇ. ಅದೇ ತಪ್ಪು. ಯಾಕೆ ಇಳಿಯಿತು ಅಂತ ಕೇಳಿಕೊಳ್ಳಲೇ ಇಲ್ಲ. ಮತ್ತೆರಡು ನಿಮಿಷಕ್ಕೆ 1,900. ವಿಮಾನ ಗಡಗಡ ನಡುಗಲು ಶುರುವಾಯಿತು, ಎತ್ತರ ನಿಲ್ಲಲಿಲ್ಲ.

ನನ್ನ ಗುರುಗಳು ದಿನಾ ಹೇಳುತ್ತಿದ್ದ ಮಾತು ಕಿವಿಯಲ್ಲಿ ಬಂತು: "ಗಾಬರಿ ಆಗಬ್ಯಾಡೋ. ಮೊದಲ ಸ್ಪೀಡ್ ಹಿಡಿ, ಆಮ್ಯಾಲೆ ಹೊಲ ನೋಡು." ಮೂಗು ತಗ್ಗಿಸಿ 60 ನಾಟ್ (ಗಂಟೆಗೆ ಸುಮಾರು 110 ಕಿಲೋಮೀಟರ್) ಹಿಡಿದೆ. ಈ ವಿಮಾನ ಅತಿ ದೂರ ತೇಲುವ ವೇಗ ಅದು. ಮೂಗು ಎತ್ತಿ ಎತ್ತರ ಉಳಿಸಿಕೊಳ್ಳೋಣ ಅಂತ ಕೈ ಎಳೆಯುತ್ತದೆ. ಹಾಗೆ ಮಾಡಿದರೆ ವೇಗ ಸತ್ತು ವಿಮಾನ ಕಲ್ಲಿನ ಹಾಗೆ ಬೀಳುತ್ತದೆ.

ಆಮೇಲೆ ಹೊಲ. ನಾನು ರೈತರ ಮನೆಯವನು, ಅದು ಕೈ ಹಿಡಿಯಿತು. ಮೇಲಿನಿಂದ ಕಬ್ಬು ಹಸಿರು ಹಾಸಿಗೆಯಂತೆ ಕಾಣುತ್ತದೆ, ಆದರೆ ಆಳೆತ್ತರ ಇರುತ್ತದೆ. ಮಳೆ ಬಿದ್ದ ಎರೆ ಹೊಲದಲ್ಲಿ ಮುಂದಿನ ಗಾಲಿ ಹುಗಿದರೆ ವಿಮಾನ ಪಲ್ಟಿ. ಸೋಯಾ ಕಟಾವು ಮಾಡಿದ ಒಂದು ಕೆಂಪು ಮಣ್ಣಿನ ಹೊಲ ಸಿಕ್ಕಿತು. ಬೆಲ್ಲದ ಗಾಣದ ಹೊಗೆ ನೋಡಿದರೆ ಗಾಳಿ ಎತ್ತಲಿಂದ ಅಂತ ಗೊತ್ತಾಯಿತು. ಸಾಲುಗಳೂ ಅದೇ ದಿಕ್ಕಿಗಿದ್ದವು. ಕರೆಂಟ್ ಕಂಬಗಳು ಮಾತ್ರ ಒಂದು ಬದಿಗೆ.

ಅದರ ಕಡೆ ತಿರುಗುತ್ತಲೇ ಕೈ ಕೆಲಸ ಮಾಡುತ್ತಿತ್ತು. ಪೆಟ್ರೋಲ್ ವಾಲ್ವ್ ತೆರೆದಿದೆ. ಮಿಕ್ಸ್ಚರ್ ರಿಚ್, ಅಂದರೆ ಗಾಳಿಗೆ ಪೆಟ್ರೋಲ್ ಪೂರ್ತಿ. ಕಿಡಿ ಕೊಡುವ ಮ್ಯಾಗ್ನೆಟೋ ಎರಡೂ ಆನ್. ಕಾರ್ಬ್ ಹೀಟ್, ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್‌ಗೆ ಬಿಸಿಗಾಳಿ ಕೊಡುವ ನಾಬ್, ಪೂರ್ತಿ ಎಳೆದೆ.

ಇಂಜಿನ್ ಇನ್ನೂ ಕೆಟ್ಟಿತು! ಆರ್‌ಪಿಎಂ ಮತ್ತಷ್ಟು ಬಿತ್ತು, ಇಂಜಿನ್ ಕೆಮ್ಮಿತು. ನಾಬ್ ವಾಪಸ್ ಒತ್ತಿಬಿಡೋಣ ಅನ್ನಿಸಿತು. ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಹೊರಗೆ 20 ಡಿಗ್ರಿ ಇದ್ದರೂ ಕಾರ್ಬುರೇಟರ್ ಗಂಟಲಲ್ಲಿ ಪೆಟ್ರೋಲ್ ಆವಿಯಾಗುವಾಗ ತಾಪ 20 ಡಿಗ್ರಿಗೂ ಹೆಚ್ಚು ಇಳಿಯಬಹುದು. ಗಾಳಿಯ ತೇವ ಅಲ್ಲೇ ಮಂಜುಗಡ್ಡೆಯಾಗಿ ದಾರಿ ಕಟ್ಟುತ್ತದೆ. ಬಿಸಿಗಾಳಿ ಕೊಟ್ಟಾಗ ಅದು ಕರಗಿ ನೀರು ಇಂಜಿನ್ನಿಗೆ ಹೋಗುತ್ತದೆ, ಬಿಸಿಗಾಳಿಯೂ ತೆಳು. ಹಾಗಾಗಿ ಮೊದಲು ಕೆಡಲೇಬೇಕು. ನಾನು ನಾಬ್ ಬಿಡಲಿಲ್ಲ. ಟವರ್‌ಗೆ ರೇಡಿಯೋದಲ್ಲಿ ತುರ್ತು ಕರೆ "ಪ್ಯಾನ್ ಪ್ಯಾನ್" ಮೂರು ಸಲ ಹೇಳಿ ಎಲ್ಲಿದ್ದೇನೆ ಅಂತ ತಿಳಿಸಿದೆ. ಕಣ್ಣು ಹೊಲದ ಮೇಲೇ ಇತ್ತು.

ಸುಮಾರು ಅರ್ಧ ನಿಮಿಷ. ಆಮೇಲೆ ನಡುಕ ತಗ್ಗಿತು, ಆರ್‌ಪಿಎಂ ಏರಿತು. ಹೊಲ ದಾಟಿ ಸಾಂಬ್ರಾ ಕಡೆ ತಿರುಗಿದೆ, ಆದರೆ ದಾರಿಯುದ್ದಕ್ಕೂ ಇಳಿಯಬಹುದಾದ ಇನ್ನೊಂದು ಹೊಲ ಹುಡುಕುತ್ತಲೇ ಬಂದೆ. ರನ್‌ವೇ ಖಂಡಿತ ಸಿಗುತ್ತದೆ ಅನ್ನುವವರೆಗೆ ತೇಲುವ ದೂರ ಕಡಿಮೆ ಮಾಡುವ ರೆಕ್ಕೆಯ ಫ್ಲ್ಯಾಪ್ ಮುಟ್ಟಲಿಲ್ಲ.

ಇಂಜಿನಿಯರ್ ಎಲ್ಲ ಬಿಚ್ಚಿ ನೋಡಿದರು. ಏನೂ ಸಿಗಲಿಲ್ಲ. ಮಂಜು ಕರಗಿಹೋಗಿತ್ತಲ್ವಾ!

ಈಗ ನಾನೇ ಹುಡುಗರಿಗೆ ಕಲಿಸುತ್ತೇನೆ. ತೇವದ ದಿನ ಹತ್ತು ನಿಮಿಷಕ್ಕೊಮ್ಮೆ ಕಾರ್ಬ್ ಹೀಟ್ ಎಳೆಸುತ್ತೇನೆ. ಆರ್‌ಪಿಎಂ ಬಿದ್ದು ಅಲ್ಲೇ ನಿಂತರೆ ಮಂಜಿಲ್ಲ. ಬಿದ್ದು, ಆಮೇಲೆ ತಾನೇ ಏರಿದರೆ ಇತ್ತು ಅಂತ ಅರ್ಥ. ಅದನ್ನು ಅವರು ಬಾಯಿಬಿಟ್ಟು ನನಗೆ ಹೇಳಬೇಕು.