ಎನ್‌ಪಿ ಕೋರ್ಸಿಗೆ ಸೇರುವಾಗ ನಾನು ಕೇಳದೇ ಬಿಟ್ಟ ಪ್ರಶ್ನೆ

ನೈಟ್ ಡ್ಯೂಟಿ ಮುಗಿಸಿ ಬಂದವಳು ಅವತ್ತು ಮಲಗಲಿಲ್ಲ. ಎನ್‌ಪಿ, ಅಂದರೆ ನರ್ಸ್ ಪ್ರಾಕ್ಟೀಷನರ್ ಕೋರ್ಸಿನ ಕ್ಲಿನಿಕಲ್ ತರಬೇತಿಗೆ ಜಾಗ ಹುಡುಕುತ್ತಾ, ಮಗಳ ಹಳೇ ನೋಟ್‌ಬುಕ್ ತೆರೆದಿಟ್ಟುಕೊಂಡು ಒಂದೊಂದೇ ಕ್ಲಿನಿಕ್ಕಿಗೆ ಫೋನ್ ಮಾಡುತ್ತಾ ಕೂತೆ. ಅಮೆರಿಕದ ಡಲ್ಲಾಸ್ ಸುತ್ತಮುತ್ತಲಿನ 53 ಕ್ಲಿನಿಕ್‌ಗಳ ಹೆಸರು ಅದರಲ್ಲಿತ್ತು. ಹೆಸರಿನ ಮುಂದೆ ಅವರು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದೆ. ವಿದ್ಯಾರ್ಥಿಗಳನ್ನು ತಗೊಳ್ಳಲ್ಲ. ಮುಂದಿನ ವರ್ಷದವರೆಗೆ ಜಾಗ ಇಲ್ಲ. ಮ್ಯಾನೇಜರ್ ಫೋನ್ ಮಾಡ್ತಾರೆ. ಯಾವ ಮ್ಯಾನೇಜರೂ ಮಾಡಲಿಲ್ಲ. ಹದಿನೈದು ದಿನದೊಳಗೆ ಪ್ರಿಸೆಪ್ಟರ್ (ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸುವ ಎನ್‌ಪಿ ಅಥವಾ ವೈದ್ಯರು) ಸಿಗದಿದ್ದರೆ ಆ ಸೆಮಿಸ್ಟರ್ ಕೈಬಿಟ್ಟ ಹಾಗೆ. ಸಿಗಲಿಲ್ಲ, ಸೆಮಿಸ್ಟರ್ ಹೋಯಿತು.

ನನ್ನದು ಹಾಸನ ಜಿಲ್ಲೆ. ಬಿಎಸ್ಸಿ ನರ್ಸಿಂಗ್ ಮುಗಿಸಿ ಬೆಂಗಳೂರಿನಲ್ಲಿ ಆರು ವರ್ಷ ಕೆಲಸ ಮಾಡಿದೆ. ಆಮೇಲೆ ಅಮೆರಿಕದಲ್ಲಿ ನರ್ಸ್ ಲೈಸೆನ್ಸಿಗೆ ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆ ಬರೆದು ಟೆಕ್ಸಾಸ್‌ಗೆ ಬಂದೆ. ಆಸ್ಪತ್ರೆಯ ವಾರ್ಡಿನಲ್ಲಿ ಅದೇ ಸಕ್ಕರೆ ಕಾಯಿಲೆಯವರು, ಅದೇ ಬಿಪಿಯವರು ತಿಂಗಳು ಎರಡು ತಿಂಗಳಿಗೊಮ್ಮೆ ಮತ್ತೆ ಮತ್ತೆ ಬಂದು ಮಲಗುವುದನ್ನು ನೋಡಿ ನೋಡಿ, ಇವರು ಇಲ್ಲಿಗೆ ಬರುವ ಮೊದಲೇ ನನ್ನ ಕೈಗೆ ಸಿಗಬೇಕಿತ್ತು ಅನ್ನಿಸುತ್ತಿತ್ತು. ನರ್ಸ್ ಪ್ರಾಕ್ಟೀಷನರ್ ಆಗಬೇಕೆಂಬ ಆಸೆ ಅಲ್ಲಿಂದ ಬಂದದ್ದು. ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ, "ಹಂಗಾದ್ರೆ ನೀನು ಡಾಕ್ಟರಮ್ಮ ಆಗ್ತೀಯೇನೇ?" ಅಂದರು. ಇಲ್ಲಮ್ಮ, ನರ್ಸೇ. ಆದರೆ ರೋಗಿಯನ್ನು ಪರೀಕ್ಷೆ ಮಾಡಿ, ಕಾಯಿಲೆ ಏನೆಂದು ಹೇಳಿ, ಔಷಧಿ ಬರೆಯುವ ನರ್ಸ್. 1965ರಲ್ಲಿ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ಇದನ್ನು ಶುರು ಮಾಡಿದರು.

ಇಬ್ಬರು ಮಕ್ಕಳು, ವಾರಕ್ಕೆ ಮೂರು ರಾತ್ರಿ ಡ್ಯೂಟಿ. ಕ್ಯಾಂಪಸ್ಸಿಗೆ ಹೋಗಿ ಓದುವ ಮಾತೇ ಇರಲಿಲ್ಲ, ಆನ್‌ಲೈನೇ ಗತಿ. ಮೊದಲ ಸಲ ನಾನು ನೋಡಿದ್ದು ಎರಡೇ: ಫೀಸ್ ಎಷ್ಟು, ಎಷ್ಟು ಬೇಗ ಮುಗಿಯುತ್ತೆ. ಅಡ್ಮಿಷನ್ ಕಡೆಯವರು ದಿನಾ ಫೋನ್ ಮಾಡುತ್ತಿದ್ದರು, ಬಹಳ ಪ್ರೀತಿಯಿಂದ ಮಾತಾಡುತ್ತಿದ್ದರು. "ಕ್ಲಿನಿಕಲ್‌ಗೆ ನಾವು ಸಪೋರ್ಟ್ ಮಾಡ್ತೀವಿ" ಅಂದರು. ಸಪೋರ್ಟ್ ಅಂದರೆ ಏನು ಅಂತ ನಾನು ಬಿಡಿಸಿ ಕೇಳಲಿಲ್ಲ. ಕೊನೆಗೆ ಅವರಿಂದ ಬಂದದ್ದು ಒಂದು ಹಳೇ ಪಟ್ಟಿ. ಅದರಲ್ಲಿದ್ದ ಕ್ಲಿನಿಕ್‌ಗಳಲ್ಲಿ ಎರಡು ಮುಚ್ಚಿಹೋಗಿದ್ದವು.

ಹೊಸದಾಗಿ ಸೇರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಆನ್‌ಲೈನ್ ಆಗಿರುವುದು ಪಾಠ ಮಾತ್ರ. ಕ್ಲಿನಿಕಲ್ ಗಂಟೆಗಳನ್ನು ನಿಜವಾದ ರೋಗಿಗಳ ಮುಂದೆ, ಒಬ್ಬ ಎನ್‌ಪಿ ಅಥವಾ ವೈದ್ಯರ ಕೈಕೆಳಗೆ ನಿಂತೇ ಮುಗಿಸಬೇಕು. ಎನ್‌ಪಿ ಶಿಕ್ಷಣದ ರಾಷ್ಟ್ರೀಯ ಮಾನದಂಡದಲ್ಲಿ ಮೊದಲು ಕನಿಷ್ಠ 500 ಗಂಟೆ ಇತ್ತು, 2022ರಲ್ಲಿ ಅದನ್ನು 750ಕ್ಕೆ ಏರಿಸಿದರು. ನಾನು ಆಮೇಲೆ ಸೇರಿದ ಕೋರ್ಸಿನಲ್ಲಿ 780. ವಾರಕ್ಕೆ 13 ಗಂಟೆಯಂತೆ ಮಾಡಿದರೂ 60 ವಾರ ಬೇಕು. ಅಷ್ಟು ವಾರ ನಿಮ್ಮನ್ನು ಯಾರು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಾರೆ? ಅವರನ್ನು ಹುಡುಕುವುದು ಕಾಲೇಜೋ, ನೀವೋ? ಸಿಗದಿದ್ದರೆ ಕಾಲೇಜು ಏನು ಮಾಡುತ್ತದೆ? ಇವಕ್ಕೆ ಫೋನಿನಲ್ಲಿ ಉತ್ತರ ತಗೊಳ್ಳಬೇಡಿ, ಇಮೇಲ್‌ನಲ್ಲಿ ಬರೆಸಿಕೊಳ್ಳಿ.

ಆ ಕಾಲೇಜು ಬಿಟ್ಟು ಎರಡನೇ ಸಲ ಹುಡುಕುವಾಗ ನಾನು ಹಾಗೇ ಮಾಡಿದೆ. ಏಳು ಕಾಲೇಜಿಗೆ ಇದೇ ಪ್ರಶ್ನೆ ಕಳಿಸಿದೆ. "ಪ್ರಿಸೆಪ್ಟರ್ ಗೊತ್ತು ಮಾಡಿಕೊಡುವುದು ನಮ್ಮ ಜವಾಬ್ದಾರಿ, ನಿಮ್ಮ ಮನೆಯಿಂದ ಇಂತಿಷ್ಟು ದೂರದೊಳಗೆ" ಅಂತ ನೇರವಾಗಿ ಬರೆದವರು ಇಬ್ಬರೇ. ಉಳಿದ ಐದನ್ನು ಅಲ್ಲಿಗೇ ಬಿಟ್ಟೆ. ಅವುಗಳಲ್ಲಿ ಒಂದಕ್ಕೆ ಒಳ್ಳೇ ಹೆಸರಿತ್ತು, ಬಿಡುವಾಗ ಮನಸ್ಸಿಗೆ ಕಷ್ಟವಾಯಿತು.

ಆ ಎರಡರಲ್ಲಿ ಒಂದನ್ನು ಆರಿಸುವಾಗ ಮಾನ್ಯತೆ ನೋಡಿದೆ. ನರ್ಸಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಿಸಿಎನ್‌ಇ, ಎಸಿಇಎನ್‌ನಂಥ ಸಂಸ್ಥೆಗಳ ಮಾನ್ಯತೆ ಇದೆಯಾ ಅನ್ನುವುದನ್ನು ಕಾಲೇಜಿನ ಜಾಹೀರಾತಿನಲ್ಲಿ ನೋಡದೆ, ಆ ಸಂಸ್ಥೆಗಳೇ ಇಟ್ಟಿರುವ ಪಟ್ಟಿಯಲ್ಲಿ ಹುಡುಕಿ. ಮಾನ್ಯತೆ ಇಲ್ಲದ ಕಡೆ ಓದಿದರೆ ಎನ್‌ಪಿ ಸರ್ಟಿಫಿಕೇಷನ್ ಪರೀಕ್ಷೆಗೇ ಕೂರಿಸುವುದಿಲ್ಲ. ಬೇರೆ ರಾಜ್ಯದ ಕಾಲೇಜಾದರೆ, ನೀವಿರುವ ರಾಜ್ಯದಲ್ಲಿ ಕ್ಲಿನಿಕಲ್ ಮಾಡಿಸಲು ಅದಕ್ಕೆ ಅನುಮತಿ ಇದೆಯಾ ಕೇಳಿ. ಆ ಸರ್ಟಿಫಿಕೇಷನ್ ಪರೀಕ್ಷೆಯಲ್ಲಿ ಮೊದಲ ಯತ್ನದಲ್ಲೇ ಪಾಸಾಗುವವರ ಪ್ರಮಾಣವನ್ನೂ ಕೇಳಿ. ಕಡೇ ಸೆಮಿಸ್ಟರಿನಲ್ಲಿರುವ ಒಬ್ಬರ ಹತ್ತಿರವಾದರೂ ಮಾತಾಡಿ. ನನಗೆ ಸಿಕ್ಕಿದ್ದು ನಮ್ಮ ವಾರ್ಡಿನ ಮಲಯಾಳಿ ಚೇಚಿಯ ತಂಗಿ. ಬ್ರೋಷರುಗಳಲ್ಲಿ ಸಿಗದೇ ಇದ್ದದ್ದು ಅವಳ ಅರ್ಧ ಗಂಟೆಯ ಮಾತಿನಲ್ಲಿ ಸಿಕ್ಕಿತು.

ಕೊನೆಗೆ ನನ್ನ ಮನಸ್ಸು ಒಂದು ಕಡೆ ವಾಲಿದ್ದು ಅಲ್ಲಿನ ಕೋರ್ಸಿನಲ್ಲಿ ಮೂರು ದಿನದ ಕ್ಯಾಂಪಸ್ ತರಬೇತಿ ಇದ್ದದ್ದರಿಂದ. ಮೊದಲ ಕಾಲೇಜಿನಲ್ಲಿ ದೇಹ ಪರೀಕ್ಷೆ ಕಲಿತದ್ದು ನಮ್ಮ ಯಜಮಾನರನ್ನು ಸೋಫಾದ ಮೇಲೆ ಕೂರಿಸಿ, ವಿಡಿಯೋ ಮಾಡಿ ಕಳಿಸುವುದರ ಮೂಲಕ. ನೂರಕ್ಕೆ 96 ಬಂದಿತ್ತು. ಎರಡನೇ ಕಾಲೇಜಿನ ಲ್ಯಾಬಿನಲ್ಲಿ ರೋಗಿಯ ಪಾತ್ರ ಮಾಡುವ ಹೆಂಗಸೊಬ್ಬರು ಕೈಯಲ್ಲಿ ನೀರಿನ ಲೋಟ ಹಿಡಿದು ಕೂತಿದ್ದರು. ಹಿಂದೆ ನಿಂತು ಅವರ ಕುತ್ತಿಗೆಯ ಮೇಲೆ ಬೆರಳಿಟ್ಟೆ. ಪಕ್ಕದಲ್ಲಿದ್ದ ಮೇಡಂ ನನ್ನ ಬೆರಳ ಮೇಲೆ ತಮ್ಮ ಬೆರಳಿಟ್ಟು, "ಒತ್ತಬೇಡ, ಸುಮ್ಮನೆ ಇಟ್ಟುಕೋ. ಈಗ ಅವರು ಗುಟುಕು ನುಂಗಲಿ" ಅಂದರು. ನುಂಗಿದಾಗ ಥೈರಾಯ್ಡ್ ಗ್ರಂಥಿ ನನ್ನ ಬೆರಳಿನಡಿ ಮೇಲೆದ್ದು ಕೆಳಗಿಳಿಯಿತು. ಹತ್ತು ವರ್ಷಕ್ಕೂ ಹೆಚ್ಚು ನರ್ಸಾಗಿದ್ದವಳಿಗೆ ಅದು ಸಿಕ್ಕಿದ್ದು ಅವತ್ತೇ ಮೊದಲು. 96 ಅಂಕ ಕೊಟ್ಟವರಿಗೆ ನನ್ನ ಬೆರಳು ಒತ್ತುತ್ತಿದೆ ಅಂತ ಕ್ಯಾಮೆರಾದಲ್ಲಿ ಹೇಗೆ ಗೊತ್ತಾಗಬೇಕು?

ಯಾವ ವಿಭಾಗ ಅನ್ನುವುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ. ನಾನು ಎಲ್ಲ ವಯಸ್ಸಿನವರನ್ನು ಕ್ಲಿನಿಕ್ಕಿನಲ್ಲಿ ನೋಡುವ ಫ್ಯಾಮಿಲಿ ಎನ್‌ಪಿ ತಗೊಂಡೆ. ಐಸಿಯುನಲ್ಲೇ ಉಳಿಯುವ ಆಸೆ ಇರುವವರು ಅದನ್ನು ತಗೊಳ್ಳಬೇಡಿ, ಅವರಿಗೆ ಅಕ್ಯೂಟ್ ಕೇರ್ ವಿಭಾಗ ಬೇರೆಯೇ ಇದೆ. ಇರುವ ರಾಜ್ಯದ ನಿಯಮವೂ ಗೊತ್ತಿರಲಿ. ಟೆಕ್ಸಾಸ್‌ನಲ್ಲಿ ಔಷಧಿ ಬರೆಯಬೇಕಾದರೆ ವೈದ್ಯರೊಬ್ಬರ ಜತೆ ಲಿಖಿತ ಒಪ್ಪಂದ ಬೇಕು, ಪಕ್ಕದ ನ್ಯೂ ಮೆಕ್ಸಿಕೋದಲ್ಲಿ ಬೇಡ.

ದುಡ್ಡಿನ ಬಗ್ಗೆ ಒಂದು ಮಾತು. ಕೆಲಸ ಕೊಟ್ಟ ಆಸ್ಪತ್ರೆ ಓದಿನ ಖರ್ಚಿಗೆ ಕೊಡುವ ಹಣದಲ್ಲಿ ವರ್ಷಕ್ಕೆ 5,250 ಡಾಲರ್‌ವರೆಗೆ ತೆರಿಗೆ ಇಲ್ಲ. ಅದು ಜನವರಿಯಿಂದ ಡಿಸೆಂಬರ್‌ವರೆಗಿನ ಲೆಕ್ಕ. ಆಗಸ್ಟ್‌ನಲ್ಲಿ ಶುರುವಾಗುವ ಮೂರು ವರ್ಷದ ಪಾರ್ಟ್ ಟೈಮ್ ಕೋರ್ಸ್ ನಾಲ್ಕು ಕ್ಯಾಲೆಂಡರ್ ವರ್ಷಗಳನ್ನು ಮುಟ್ಟುತ್ತದೆ. ನಮ್ಮ ಆಸ್ಪತ್ರೆ ಅಷ್ಟನ್ನೂ ಕೊಡುತ್ತಿದ್ದುದರಿಂದ ನನಗೆ ಒಟ್ಟು 21,000 ಡಾಲರ್ ಸಿಕ್ಕಿತು. ಎರಡೇ ವರ್ಷದಲ್ಲಿ ಮುಗಿಸುವ ಆತುರ ಬಿಟ್ಟದ್ದಕ್ಕೆ ಇದೂ ಒಂದು ಕಾರಣ. ಇನ್ನೊಂದು ಕಾರಣ ಮೊದಲ ಕಾಲೇಜಿನ ಕ್ರೆಡಿಟ್‌ಗಳು. ಹೊಸ ಕಾಲೇಜಿನವರು ಪ್ಯಾಥೋಫಿಸಿಯಾಲಜಿ, ಫಾರ್ಮಕಾಲಜಿ ಒಪ್ಪಿಕೊಂಡರು. ದೇಹ ಪರೀಕ್ಷೆಯ ಕೋರ್ಸನ್ನು ಒಪ್ಪಲಿಲ್ಲ, ಮತ್ತೆ ಮಾಡಬೇಕಾಯಿತು. ಒಪ್ಪದೇ ಇದ್ದದ್ದೇ ಒಳ್ಳೆಯದಾಯಿತು.

ಊರಿನಿಂದ ತಂಗಿಯರು ಕೇಳುತ್ತಿರುತ್ತಾರೆ: "ಅಕ್ಕ, ಇಲ್ಲೇ ಕೂತು ಅಮೆರಿಕದ ಆನ್‌ಲೈನ್ ಎನ್‌ಪಿ ಮಾಡಬಹುದಾ?" ಆಗುವುದಿಲ್ಲ. ಅದಕ್ಕೆ ಅಮೆರಿಕದ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಲೈಸೆನ್ಸ್ ಬೇಕು, ಕ್ಲಿನಿಕಲ್ ಮಾಡಲು ಇಲ್ಲಿರಬೇಕು. ಭಾರತದಲ್ಲಿ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ರೂಪಿಸಿರುವ ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್ ಎಂಬ ಎರಡು ವರ್ಷದ ಕೋರ್ಸ್ ಇದೆ. ಅದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ಕಲಿಯುವ ರೆಸಿಡೆನ್ಸಿ. ಆನ್‌ಲೈನ್ ಅಂತ ಯಾರಾದರೂ ದುಡ್ಡು ಕೇಳಿದರೆ, ಕಟ್ಟುವ ಮುಂಚೆ ಕೌನ್ಸಿಲ್‌ನಲ್ಲಿ ವಿಚಾರಿಸಿ.

ಈಗ ನಾನಿರುವುದು ಒಂದು ಸಣ್ಣ ಫ್ಯಾಮಿಲಿ ಕ್ಲಿನಿಕ್ಕಿನಲ್ಲಿ. ಪ್ರತಿ ಸೆಮಿಸ್ಟರಿಗೆ ಒಬ್ಬ ವಿದ್ಯಾರ್ಥಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತೇನೆ, ದುಡ್ಡು ತಗೊಳ್ಳುವುದಿಲ್ಲ. ಫೋನ್ ಮಾಡಿದವರಿಗೆ ಜಾಗ ಇದೆಯೋ ಇಲ್ಲವೋ ಅಂತ ಅವತ್ತೇ ಹೇಳಿಬಿಡುತ್ತೇನೆ. ಜನವರಿಯ ಜಾಗ ತುಂಬಿದೆ, ಮೇ ತಿಂಗಳದ್ದು ಖಾಲಿ ಇದೆ.