ಪ್ರೊಜೆಕ್ಟರ್‌ನಲ್ಲಿ ‘ನೋ ಸಿಗ್ನಲ್’ ಬಂದರೆ ಮೊದಲು ಇದನ್ನು ನೋಡಿ

ಸ್ಮಾರ್ಟ್ ಕ್ಲಾಸ್ ಬಳಸುವ ಶಿಕ್ಷಕ ಮಿತ್ರರೇ, ಮೊನ್ನೆ ಒಂಬತ್ತನೇ ತರಗತಿಗೆ ಜೀವಕೋಶದ ವಿಡಿಯೋ ತೋರಿಸೋಣ ಅಂತ ಹೋದೆ. ಪರದೆ ಪೂರ್ತಿ ನೀಲಿ, ‘ನೋ ಸಿಗ್ನಲ್’. 40 ನಿಮಿಷದ ಪೀರಿಯಡ್‌ನಲ್ಲಿ 15 ನಿಮಿಷ ಹಾಗೇ ಹೋಯಿತು, ತುಂಬಾ ಬೇಜಾರಾಯಿತು.

ಬಾಗಿಲ ಹತ್ತಿರ ನಿಂತಿದ್ದ ನಮ್ಮ ಅಟೆಂಡರ್ ಅಣ್ಣ, "ಮೇಡಂ, ವೈರ್ ಸಡಿಲ ಆಗಿರ್ತದೆ, ನಾ ನೋಡ್ಲಾ?" ಅಂದರು. ಲ್ಯಾಪ್‌ಟಾಪ್‌ನಿಂದ ಪ್ರೊಜೆಕ್ಟರ್‌ಗೆ ಚಿತ್ರ ಒಯ್ಯುವ ಎಚ್‌ಡಿಎಂಐ ಕೇಬಲ್ ಎರಡೂ ಕಡೆ ಕಿತ್ತು, ಒತ್ತಿ ಹಾಕಿದರು. ಮಕ್ಕಳ ಕಾಲು ತಾಗಿ ಮತ್ತೆ ಎಳೆಯದಂತೆ ಬಿಸಿಯೂಟದ ಅಕ್ಕಿ ಚೀಲದ ದಾರದಿಂದ ಮೇಜಿನ ಕಾಲಿಗೆ ಕಟ್ಟಿಬಿಟ್ಟರು. ಆಮೇಲೆ ರಿಮೋಟ್‌ನಲ್ಲಿ ‘ಸೋರ್ಸ್’ ಒತ್ತಿ ಎಚ್‌ಡಿಎಂಐ ಆರಿಸಿದರು. ಚಿತ್ರ ಬಂತು! ಪ್ರೊಜೆಕ್ಟರ್ ಕೂರಿಸಲು ಬಂದವರ ಜೊತೆ ದಿನವಿಡೀ ಇದ್ದವರು ಅವರೇ. ನಿಮ್ಮ ಶಾಲೆಯಲ್ಲೂ ಕೊಠಡಿಯ ಬೀಗ ತೆಗೆಯುವವರನ್ನು ಒಮ್ಮೆ ಕೇಳಿ ನೋಡಿ.

ಇಷ್ಟಾದರೂ ಬರದಿದ್ದರೆ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಕೀ ಜೊತೆ ‘ಪಿ’ ಒತ್ತಿ, ‘ಡ್ಯೂಪ್ಲಿಕೇಟ್’ ಆರಿಸಿ. ಚಿತ್ರ ಬಂದು ಧ್ವನಿ ಬರದಿದ್ದರೆ, ಕೆಳಗಿನ ಸ್ಪೀಕರ್ ಗುರುತು ಒತ್ತಿ ಧ್ವನಿ ಎಲ್ಲಿಂದ ಬರಬೇಕು ಅನ್ನುವುದನ್ನು ಬದಲಿಸಿ.

ಅಣ್ಣ ಹೇಳಿದ ಇನ್ನೊಂದು ಮಾತು: ಗಂಟೆ ಹೊಡೆಯಿತೆಂದು ಗೋಡೆಯ ಸ್ವಿಚ್ ತಟ್ಟನೆ ಆಫ್ ಮಾಡಬೇಡಿ. ರಿಮೋಟ್‌ನಿಂದ ಆಫ್ ಮಾಡಿ, ಒಳಗಿನ ಫ್ಯಾನ್ ತಾನಾಗಿ ನಿಲ್ಲುವವರೆಗೆ ಕಾಯಿರಿ. ಲ್ಯಾಂಪ್ ಇರುವ ಪ್ರೊಜೆಕ್ಟರ್‌ಗೆ ಇದು ಬಹಳ ಮುಖ್ಯ, ಬಿಸಿಗೆ ಲ್ಯಾಂಪ್ ಬೇಗ ಹಾಳಾಗುತ್ತದೆ.

ಶಾಲೆಯಲ್ಲಿ ನೆಟ್ ಸಿಗುತ್ತದೆ ಅಂತ ನಂಬಿ ಕೂರಬೇಡಿ. ದೀಕ್ಷಾ ಆ್ಯಪ್‌ನ ವಿಡಿಯೋಗಳನ್ನು ಹಿಂದಿನ ರಾತ್ರಿಯೇ ಮನೆಯಲ್ಲಿ ಡೌನ್‌ಲೋಡ್ ಮಾಡಿಕೊಂಡು ಹೋಗಿ.