ಆ ಹುಡುಗಿಗೆ ನಾನು ಹೇಳಬಾರದಿದ್ದ ಮಾತು

ನಾನು ಅಮೆರಿಕದ ಅಟ್ಲಾಂಟಾದಲ್ಲಿ ಒಂದು ಸಾಫ್ಟ್‌ವೇರ್ ಟೀಮ್ ನೋಡಿಕೊಳ್ಳುತ್ತೇನೆ. ಕೆಲಸಕ್ಕೆ ಜನ ಆರಿಸುವುದೂ ನನ್ನ ಪಾಲಿಗೇ ಬಂದಿದೆ. ಇದೇ ಊರಲ್ಲಿ ಮೋರ್‌ಹೌಸ್, ಸ್ಪೆಲ್ಮನ್, ಕ್ಲಾರ್ಕ್ ಅಟ್ಲಾಂಟಾ ಅಂತ ಕಪ್ಪು ಜನಾಂಗದವರಿಗೆಂದೇ ಹುಟ್ಟಿದ ಕಾಲೇಜುಗಳು ಅಕ್ಕಪಕ್ಕದಲ್ಲಿವೆ. ಅಲ್ಲಿ ಓದಿ ಬಂದವರಿಗೆ ರೆಸ್ಯೂಮೆ ತಿದ್ದಿಕೊಡುವುದು, ಸಂದರ್ಶನದ ಅಭ್ಯಾಸ ಮಾಡಿಸುವುದು ಆರು ವರ್ಷದಿಂದ ನನ್ನ ಶನಿವಾರದ ಕೆಲಸ.

ಮೊದಲ ವರ್ಷವೇ ದೊಡ್ಡ ತಪ್ಪು ಮಾಡಿದೆ. ಒಬ್ಬ ಹುಡುಗಿ ಅರ್ಜಿ ಹಾಕಿ ಹಾಕಿ ಸೋತು ಬಂದಿದ್ದಳು. ಒಳ್ಳೆಯ ಅಂಕ, ಎರಡು ಇಂಟರ್ನ್‌ಶಿಪ್. ಹೆಸರು ಮಾತ್ರ, ಓದಿದ ಕೂಡಲೇ ಕಪ್ಪು ಮನೆಯವಳು ಅಂತ ತಿಳಿಯುವಂಥದ್ದು. ಬಾಸ್ಟನ್, ಶಿಕಾಗೋಗಳಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಸುಮಾರು 5,000 ಕಾಲ್ಪನಿಕ ರೆಸ್ಯೂಮೆ ಕಳಿಸಿ ನೋಡಿದ್ದರು. ಬಿಳಿಯರದ್ದೆನಿಸುವ ಹೆಸರಿಗೆ ಶೇ. 50ರಷ್ಟು ಹೆಚ್ಚು ಕರೆ ಬಂದಿತ್ತು. 2004ರಲ್ಲಿ ಪ್ರಕಟವಾದ ಆ ಲೇಖನ ನನ್ನ ತಲೆಯಲ್ಲಿತ್ತು. 'ಹೆಸರಿನ ಮೊದಲಕ್ಷರ ಮಾತ್ರ ಹಾಕಮ್ಮ' ಅಂದುಬಿಟ್ಟೆ. ಅವಳು ಏನೂ ಅನ್ನಲಿಲ್ಲ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡು ಹೋದಳು. ಮತ್ತೆ ಬರಲಿಲ್ಲ.

ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ. ಇಲ್ಲಿ ಯಾರ ನಾಲಿಗೆಗೂ ನನ್ನ ಹೆಸರು ನೆಟ್ಟಗೆ ಹೊರಳುವುದಿಲ್ಲ. ಆದರೂ ನನಗೆ ಕೆಲಸ ಸಿಕ್ಕಿದ್ದು ಹೇಗೆ? ಹಾಸನದಲ್ಲಿ ಎಂಜಿನಿಯರಿಂಗ್ ಓದುವಾಗ ನನಗಿಂತ ಮೂರು ವರ್ಷ ಸೀನಿಯರ್ ಆಗಿದ್ದವರು ಇಲ್ಲಿ ತಮ್ಮ ಮ್ಯಾನೇಜರ್ ಹತ್ತಿರ 'ಈ ಹುಡುಗ ನಂಗೆ ಗೊತ್ತು' ಅಂದಿದ್ದರು. ಅಷ್ಟೇ. ಆ ಹುಡುಗಿಗೆ ಹಾಗೆ ಹೇಳುವ ಒಬ್ಬರೂ ಇರಲಿಲ್ಲ. ಹೇಳಬಹುದಾಗಿದ್ದ ನಾನು, ಬುದ್ಧಿಮಾತು ಹೇಳಿ ಕಳಿಸಿದ್ದೆ.

ಈಗ ಹೆಸರು ಪೂರ್ತಿ ಬರೆಯಿರಿ ಅನ್ನುತ್ತೇನೆ. ಕಪ್ಪು ಎಂಜಿನಿಯರ್‌ಗಳ ರಾಷ್ಟ್ರೀಯ ಸಂಘ ಅಂತ ಒಂದಿದೆ, 1975ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು. ಅದರ ಹೆಸರನ್ನು ರೆಸ್ಯೂಮೆಯಿಂದ ತೆಗೆಯುವವರಿದ್ದಾರೆ. ಒಬ್ಬ ಹುಡುಗ ತೆಗೆದಿರಲಿಲ್ಲ, ಆದರೆ ಬರೀ 'ಸದಸ್ಯ' ಅಂತ ಬರೆದಿದ್ದ. ಕೆದಕಿ ಕೇಳಿದರೆ, ನಲವತ್ತು ಜನರನ್ನು ಬೇರೆ ರಾಜ್ಯದ ಸಮಾವೇಶಕ್ಕೆ ಬಸ್ಸಲ್ಲಿ ಕರೆದುಕೊಂಡು ಹೋಗಿ, ಹಣ ಎತ್ತಿ, ಪೈಸೆ ಪೈಸೆಗೂ ಲೆಕ್ಕ ಒಪ್ಪಿಸಿದವನು ಅವನೇ! ಆ ಒಂದು ಸಾಲು ತಿದ್ದುವುದಕ್ಕೆ ಮುಕ್ಕಾಲು ಗಂಟೆ ಕೂತೆವು. ಆಮೇಲೆ ನಾನೇ ಗೆಳೆಯನ ಕಂಪನಿಗೆ ಫೋನ್ ಮಾಡಿದೆ.

ಎಲ್ಲರ ಪರವಾಗಿಯೂ ಫೋನ್ ಮಾಡುವುದಿಲ್ಲ. ಮೂರು ನಾಲ್ಕು ಶನಿವಾರ ಜೊತೆಗೆ ಕೂತು, ಕೆಲಸ ನೋಡಿ, ಮನಸ್ಸಿಗೆ ಒಪ್ಪಿದರೆ ಮಾತ್ರ. ನನ್ನ ಮಾತು ಸುಳ್ಳಾದರೆ ಮುಂದೆ ಬರುವವರಿಗೆ ಬಾಗಿಲು ಮುಚ್ಚುತ್ತದೆ.

ಕೆಲಸ ಸಿಕ್ಕ ಮೇಲಿನದ್ದು ಚಿಕ್ಕದು. ಪ್ರತಿ ಶುಕ್ರವಾರ ಹತ್ತು ನಿಮಿಷ ಕೂತು, ಆ ವಾರ ಏನು ಮಾಡಿದೆ, ಯಾರು ಮೆಚ್ಚಿದರು, ಅದರಿಂದ ಕಂಪನಿಗೆ ಎಷ್ಟು ಉಳಿತಾಯವಾಯಿತು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಅದೇ ಹುಡುಗನಿಗೆ ವರ್ಷದ ಕೊನೆಗೆ ಅವನ ಮ್ಯಾನೇಜರ್ 'ನಿನ್ನಲ್ಲಿ ಇನ್ನೂ ಮುನ್ನುಗ್ಗುವ ಗುಣ ಕಾಣಲಿಲ್ಲ' ಅಂದರಂತೆ. ಅವನು ನೋಟ್‌ಬುಕ್ ತೆರೆದು ಮಾರ್ಚ್ ತಿಂಗಳಿಂದ ಓದುತ್ತಾ ಹೋದನಂತೆ. ಸಂಬಳ ಹೆಚ್ಚಾಯಿತು.

ಸಂದರ್ಶನಕ್ಕೆ ಜಡೆ ಬಿಚ್ಚಿ ಗುಂಗುರು ಕೂದಲು ನೇರ ಮಾಡಿಸಿಕೊಳ್ಳಲಾ ಅಂತ ಹುಡುಗಿಯರು ಕೇಳುತ್ತಾರೆ. ಕೂದಲಿನ ನೆಪದಲ್ಲಿ ಭೇದ ಮಾಡಬಾರದು ಅಂತ 2019ರಲ್ಲಿ ಕ್ಯಾಲಿಫೋರ್ನಿಯಾ ಕಾನೂನನ್ನೇ ತರಬೇಕಾಯಿತು ಅಂದರೆ ಅವರ ಭಯ ಸುಮ್ಮನೆಯದಲ್ಲ. ಈ ವಿಷಯದಲ್ಲಿ ನಾನು ಬಾಯಿ ಹಾಕುವುದಿಲ್ಲ. ಇದನ್ನು ದಾಟಿ ಬಂದ ಕಪ್ಪು ಸಹೋದ್ಯೋಗಿ ಒಬ್ಬರ ಹತ್ತಿರ ಕೂರಿಸುತ್ತೇನೆ.

ಮೋರ್‌ಹೌಸ್ ಹುಡುಗರಿಗೆ ನಮ್ಮ ಮೈಸೂರಿನ ಸುದ್ದಿ ತಪ್ಪದೆ ಹೇಳುತ್ತೇನೆ. ಅವರ ಕಾಲೇಜಿಗೆ 27 ವರ್ಷ ಅಧ್ಯಕ್ಷರಾಗಿದ್ದ, ಮಾರ್ಟಿನ್ ಲೂಥರ್ ಕಿಂಗ್ ಗುರುವೆಂದು ಕಂಡ ಬೆಂಜಮಿನ್ ಮೇಸ್, 1937ರಲ್ಲಿ ವೈಎಂಸಿಎ ಎಂಬ ಕ್ರೈಸ್ತ ಯುವಕರ ಸಂಘದ ವಿಶ್ವ ಸಮ್ಮೇಳನಕ್ಕೆಂದು ಮೈಸೂರಿಗೆ ಬಂದಿದ್ದರು. ಕಳೆದ ವಾರ ಒಬ್ಬ ಹುಡುಗ ತಕ್ಷಣ ಮ್ಯಾಪ್ ತೆರೆದು ಮೈಸೂರು ಹುಡುಕಿದ. ಆಮೇಲೆ ನನ್ನ ಹೆಸರನ್ನು ಸರಿಯಾಗಿ ಹೇಳಿಕೊಡಿ ಅಂತ ಕೇಳಿ, ನಾಲ್ಕು ಸಲ ಹೇಳಿ ನೋಡಿದ. ನಾನು ಅವನದ್ದನ್ನು ಕಲಿತೆ. ಸೋಮವಾರ ಫೋನ್ ಮಾಡುವಾಗ ತಪ್ಪಬಾರದಲ್ಲ.